ದೂರದರ್ಶನದ ಚುನಾವಣಾ ಜಾಹೀರಾತುಗಳೂ ಸತ್ಯವೂ

ಕುರುಕ್ಷೇತ್ರದಲ್ಲಿ ದ್ರೋಣಾಚಾರ್ಯರು ಶಸ್ತ್ರವನ್ನು ಕೆಳಗಿಡುವಂತೆ ಮಾಡಿದುದು ಯಾವ ದಿವ್ಯಾಸ್ತ್ರವೂ ಅಲ್ಲ, ಧರ್ಮರಾಯನ ಒಂದು ಮಾತು. ಅಶ್ವತ್ಥಾಮನು ಹತನಾದನೆಂದು ಅವನು ಗಟ್ಟಿಯಾಗಿ ನುಡಿದನು; ಸತ್ತುದು ಆನೆಯೆಂಬುದನ್ನು ಮೆಲ್ಲಗೆ ನುಡಿದನು. ಆ ಮೆಲುನುಡಿ ಶಂಖಧ್ವನಿಯಲ್ಲಿ ಅಡಗಿಹೋಯಿತೆಂದು ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಇಂದಿಗೂ ವಿವರಿಸುತ್ತಾರೆ. ಆಡಿದ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಕೇಳಿದವರ ಮನಸ್ಸಿನಲ್ಲಿ ಮೂಡಿದ ಅರ್ಥವು ಸುಳ್ಳಾಗಿತ್ತು. ದೂರದರ್ಶನದಲ್ಲಿ ಬರುವ ಚುನಾವಣಾ ಜಾಹೀರಾತುಗಳನ್ನು ಪರಿಶೀಲಿಸಹೊರಟವರು ಈ ಭೇದವನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಈ ಬಗೆಯ ಪ್ರಚಾರವು ಮೊದಲು ಬಲಿತುದು ಅಮೆರಿಕದಲ್ಲಿ. 1952ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಉಮೇದುವಾರರಾಗಿದ್ದ ಜನರಲ್ ಐಸೆನ್‌ಹೋವರ್ ಅವರಿಗಾಗಿ ರೋಸರ್ ರೀವ್ಸ್ ಎಂಬ ಜಾಹೀರಾತು ನಿಪುಣರು ಕಿರುಚಿತ್ರಗಳ ಒಂದು ಮಾಲೆಯನ್ನು ಸಿದ್ಧಪಡಿಸಿದರು. ಸಾಮಾನ್ಯ ಪ್ರಜೆಯೊಬ್ಬರು ಬೆಲೆಯೇರಿಕೆಯನ್ನೋ ತೆರಿಗೆಯನ್ನೋ ಕುರಿತು ಪ್ರಶ್ನಿಸುವುದು, ಸೇನಾನಿಗಳು ಎರಡು ಮಾತಿನಲ್ಲಿ ಉತ್ತರಿಸುವುದು - ಇಷ್ಟೇ ಅವುಗಳ ವಸ್ತು. ಆದರೆ ಉತ್ತರಗಳ ಚಿತ್ರೀಕರಣವೇ ಮೊದಲು ನಡೆದಿತ್ತು. ಪ್ರಶ್ನೆ ಕೇಳುವವರನ್ನು ಆಮೇಲೆ ಆರಿಸಿ, ಬೇರೆಯಾಗಿ ಚಿತ್ರೀಕರಿಸಿ, ಎರಡನ್ನೂ ಜೋಡಿಸಲಾಯಿತು. ನೋಡುವವರಿಗೆ ಮಾತ್ರ ಅದು ಮುಖಾಮುಖಿ ಸಂವಾದವಾಗಿ ತೋರಿತು. ಎದುರಾಳಿಗಳಾಗಿದ್ದ ಅಡ್ಲಾಯ್ ಸ್ಟೀವನ್‌ಸನ್ ಅವರು, ಉನ್ನತ ಪದವಿಯ ಉಮೇದುವಾರರನ್ನು ಬೆಳಗಿನ ಉಪಾಹಾರದ ಪೊಟ್ಟಣದಂತೆ ಮಾರುವುದು ಪ್ರಜಾಪ್ರಭುತ್ವಕ್ಕೆ ಅಪಮಾನವೆಂದು 1956ರಲ್ಲಿ ಖಂಡಿಸಿದರು.

ಅರ್ಧ ನಿಮಿಷದಲ್ಲಿ ವಾದವನ್ನು ಮಂಡಿಸಲು ಎಡೆಯಿಲ್ಲ. ಭಾವನೆಯನ್ನು ಕೆರಳಿಸಲು ಅಷ್ಟೇ ಸಾಕು. 1964ರ ಸೆಪ್ಟೆಂಬರ್ 7ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪರವಾಗಿ ಪ್ರಸಾರವಾದ 60 ಸೆಕೆಂಡುಗಳ ಜಾಹೀರಾತು ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದೆ. ಪುಟ್ಟ ಬಾಲಕಿಯೊಬ್ಬಳು ಹೂವಿನ ಎಸಳುಗಳನ್ನು ಕಿತ್ತು ತಪ್ಪುತಪ್ಪಾಗಿ ಎಣಿಸುತ್ತಾಳೆ. ಒಡನೆಯೇ ಗಡಸು ಗಂಡುದನಿಯೊಂದು ಹತ್ತರಿಂದ ಹಿಂದಕ್ಕೆ ಎಣಿಸತೊಡಗುತ್ತದೆ. ಚಿತ್ರವು ಬಾಲಕಿಯ ಕಣ್ಣಿನ ಕಪ್ಪಿನವರೆಗೆ ಸಮೀಪಿಸುತ್ತದೆ. ಎಣಿಕೆ ಸೊನ್ನೆಗಿಳಿದಾಗ ಪರಮಾಣು ಬಾಂಬು ಸ್ಫೋಟಿಸುತ್ತದೆ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಅವರ ಹೆಸರು ಅದರಲ್ಲಿ ಒಮ್ಮೆಯೂ ಬರುವುದಿಲ್ಲ. ಹಣ ತೆತ್ತು ಪ್ರಸಾರ ಮಾಡಿಸಿದುದು ಒಂದೇ ಸಲ. ವಾರ್ತಾಪ್ರಸಾರಗಳು ಅದನ್ನು ಮತ್ತೆ ತೋರಿಸಿ ದೇಶಕ್ಕೆಲ್ಲ ಪರಿಚಯಿಸಿದವು.

ಇದು ಅಪ್ರಾಮಾಣಿಕವೇ? ಅವಸರದಿಂದ ತೀರ್ಪು ಕೊಡಲಾಗದು. ಗೋಲ್ಡ್‌ವಾಟರ್ ಅವರು 1963ರಲ್ಲಿ ಪರಮಾಣು ಪರೀಕ್ಷಾ ನಿಷೇಧದ ಒಪ್ಪಂದಕ್ಕೆ ವಿರೋಧವಾಗಿ ಮತ ನೀಡಿದ್ದುದು ನಿಜ. ಆದುದರಿಂದ ವಿಷಯವು ಕಲ್ಪಿತವಲ್ಲ. ಆದರೆ ಆ ಮತದಿಂದ ಬಾಲಕಿಯ ಮರಣದವರೆಗಿನ ದೂರವನ್ನು ನೋಡುವವನ ಭಯವೇ ದಾಟಿಬಿಡುತ್ತದೆ. ಹೇಳಿದವರಿಗೆ ಹೊಣೆಯಿಲ್ಲ, ನಂಬಿದವನಿಗೆ ಆಧಾರವಿಲ್ಲ. ಜಾನ್ಸನ್ ಅವರು 44 ರಾಜ್ಯಗಳಲ್ಲಿ ಜಯ ಗಳಿಸಿದರು. ಅವರು ಮೊದಲೇ ಬಹಳ ಮುಂದಿದ್ದುದರಿಂದ, ಗೆಲುವು ಈ ಜಾಹೀರಾತಿನಿಂದಲೇ ಬಂದಿತೆನ್ನುವುದು ಸರಿಯಲ್ಲ.

ಅಂಕೆಗಳನ್ನು ಬಳಸಿ ಮರುಳುಮಾಡುವ ರೀತಿ ಇನ್ನೂ ಸೂಕ್ಷ್ಮವಾದುದು. 1988ರಲ್ಲಿ ಜಾರ್ಜ್ ಬುಷ್ ಅವರ ಪಕ್ಷದ ಜಾಹೀರಾತೊಂದು, ಮೈಕೆಲ್ ಡುಕಾಕಿಸ್ ಅವರು ರಾಜ್ಯಪಾಲರಾಗಿದ್ದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಘೋರ ಕೊಲೆಗಾರರಿಗೂ ಸೆರೆಮನೆಯಿಂದ ವಾರಾಂತ್ಯದ ರಜೆ ಸಿಗುತ್ತಿತ್ತೆಂದು ಹೇಳಿತು. ಜೊತೆಯಲ್ಲಿಯೇ 268 ಮಂದಿ ತಪ್ಪಿಸಿಕೊಂಡರೆಂಬ ಬರಹವು ತೆರೆಯ ಮೇಲೆ ಮೂಡಿತು. ಎರಡೂ ನಿಜ. ಆದರೆ ಆ 268 ಮಂದಿಯಲ್ಲಿ ಅಂತಹ ಕೊಲೆಗಾರರು ನಾಲ್ವರು ಮಾತ್ರ. ರಜೆಯ ಪದ್ಧತಿಯು 1972ರಲ್ಲಿ, ಬುಷ್ ಅವರದೇ ಪಕ್ಷದ ರಾಜ್ಯಪಾಲರ ಕಾಲದಲ್ಲಿ ಆರಂಭವಾಗಿತ್ತೆಂಬುದನ್ನೂ ಹೇಳಲಿಲ್ಲ. ಎರಡು ಸತ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಸುಳ್ಳನ್ನು ಹುಟ್ಟಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಕಾನೂನು ಇದನ್ನು ತಡೆಯಲಾರದೇ? ಅಮೆರಿಕದಲ್ಲಿ ಉಮೇದುವಾರರ ಜಾಹೀರಾತನ್ನು ಪ್ರಸಾರ ಕೇಂದ್ರಗಳು ತಿದ್ದುವಂತಿಲ್ಲ. 2002ರ ಕಾನೂನಿನಂತೆ, ಜಾಹೀರಾತಿಗೆ ತಮ್ಮ ಒಪ್ಪಿಗೆಯಿದೆಯೆಂದು ಉಮೇದುವಾರರು ಸ್ವತಃ ಹೇಳಬೇಕಷ್ಟೆ. ಬ್ರಿಟನ್ನಿನಲ್ಲಿ ದೂರದರ್ಶನದ ಸಮಯವನ್ನು ರಾಜಕೀಯ ಜಾಹೀರಾತಿಗಾಗಿ ಕೊಳ್ಳುವುದು ನಿಷಿದ್ಧ. ಪಕ್ಷಗಳಿಗೆ ಉಚಿತ ಸಮಯ ದೊರೆಯುತ್ತದೆ. ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯದ 2004ರ ಆದೇಶದಿಂದಾಗಿ, ಇಂತಹ ಜಾಹೀರಾತನ್ನು ಪ್ರಸಾರಕ್ಕೆ ಮುನ್ನ ಚುನಾವಣಾ ಆಯೋಗವು ಏರ್ಪಡಿಸಿದ ಸಮಿತಿಗೆ ತೋರಿಸಿ ಪ್ರಮಾಣಪತ್ರ ಪಡೆಯಬೇಕಾಗಿದೆ. ಇದು ಒಳ್ಳೆಯ ಕಾವಲು. ಆದರೂ ಸಮಿತಿಯು ಮಾತುಗಳನ್ನೂ ಚಿತ್ರಗಳನ್ನೂ ಪರಿಶೀಲಿಸಬಲ್ಲುದೇ ಹೊರತು, ನೋಡುವವನು ತನ್ನೊಳಗೆ ಕಟ್ಟಿಕೊಳ್ಳುವ ತೀರ್ಮಾನವನ್ನಲ್ಲ. ಆ ಕಾವಲನ್ನು ಪ್ರತಿಯೊಬ್ಬನೂ ತಾನೇ ಕಾಯಬೇಕು.

ಕಾಯಲು ಸಾಧ್ಯವೆಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಯುಂಟು. 2004ರ ಲೋಕಸಭಾ ಚುನಾವಣೆಗೆ ಮುನ್ನ, ‘ಇಂಡಿಯಾ ಶೈನಿಂಗ್’ ಎಂಬ ಘೋಷಣೆಯೊಡನೆ ಕೇಂದ್ರ ಸರಕಾರವು ಭಾರೀ ಪ್ರಚಾರ ನಡೆಸಿತು. ಆಳುತ್ತಿದ್ದ ಮೈತ್ರಿಕೂಟವು ಆ ಚುನಾವಣೆಯಲ್ಲಿ ಸೋತಿತು. ಸೋಲಿಗೆ ಕಾರಣಗಳು ಹಲವಿರಬಹುದು. ಪ್ರಚಾರದ ಭಾರದಿಂದಲೇ ಮತಗಳು ವಾಲುವುದಿಲ್ಲವೆಂಬುದಂತೂ ಸಿದ್ಧವಾಯಿತು.

ಹೀಗಿರಲು, ನಮ್ಮ ವಿದ್ಯಾರ್ಥಿಗಳು ಪ್ರತಿಯೊಂದು ಚುನಾವಣಾ ಜಾಹೀರಾತಿಗೂ ಮೂರು ಪ್ರಶ್ನೆಗಳನ್ನು ಹಾಕುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ. ಮೊದಲನೆಯದು: ಇದರಲ್ಲಿ ನಿಜವಾಗಿ ಹೇಳಿದುದೇನು, ನಾವಾಗಿ ಊಹಿಸಿಕೊಂಡುದೇನು? ಎರಡನೆಯದು: ಕೊಟ್ಟ ಅಂಕೆ ಯಾವುದರ ಲೆಕ್ಕ, ಎಷ್ಟು ಕಾಲದ ಲೆಕ್ಕ, ಯಾವುದರೊಡನೆ ಹೋಲಿಸಿದ ಲೆಕ್ಕ? ಮೂರನೆಯದು: ವಾದ್ಯಘೋಷವನ್ನೂ ಚಿತ್ರವನ್ನೂ ತೆಗೆದುಹಾಕಿ, ಬರಿಯ ಮಾತುಗಳನ್ನು ಕಾಗದದ ಮೇಲೆ ಬರೆದರೆ ಉಳಿಯುವುದೇನು? ನಮ್ಮ ಗಡಿನಾಡಿನ ಅನೇಕ ಮನೆಗಳಲ್ಲಿ ಮಲಯಾಳ, ಕನ್ನಡ ಎರಡು ಭಾಷೆಗಳ ವಾಹಿನಿಗಳನ್ನೂ ನೋಡುವ ರೂಢಿಯಿದೆ. ಒಂದೇ ಪಕ್ಷವು ಒಂದು ಭಾಷೆಯಲ್ಲಿ ಏನು ಹೇಳುತ್ತದೆ, ಇನ್ನೊಂದರಲ್ಲಿ ಏನು ಹೇಳುತ್ತದೆ ಎಂದು ಹೋಲಿಸಿ ನೋಡುವ ಅವಕಾಶವು ಎಲ್ಲರಿಗೂ ದೊರೆಯುವಂತಹುದಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದುದು ದೂರದರ್ಶನವನ್ನು ಕಂಡಲ್ಲ; ಆದರೂ ಆ ಮಾತು ಅದಕ್ಕೇ ಹೆಚ್ಚಾಗಿ ಒಪ್ಪುತ್ತದೆ. ಮತಗಟ್ಟೆಯ ಮರೆಯಲ್ಲಿ ಮತದಾರನು ಒಬ್ಬನೇ ನಿಲ್ಲುತ್ತಾನೆ. ಅಲ್ಲಿ ಅವನೊಡನೆ ಇರಬೇಕಾದುದು ಅರೆನಿಮಿಷದ ಭಯವಲ್ಲ, ಐದು ವರ್ಷಗಳ ಲೆಕ್ಕ.