ಮಗ್ಗವೂ ಗಣಕವೂ

ದೊಡ್ಡಬಳ್ಳಾಪುರವು ನೇಯ್ಗೆಗೆ ಹೆಸರಾದ ಊರು. ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚಿನ ಹೂಬಳ್ಳಿಯನ್ನು ಮೂಡಿಸುವುದು ರಂಧ್ರಗಳುಳ್ಳ ರಟ್ಟಿನ ಪಟ್ಟಿ. ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ. ಇಲ್ಲದೆಡೆ ಕೆಳಗೇ ಉಳಿಯುತ್ತದೆ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ರೂಪಿಸಿದ ಈ ಉಪಾಯದಲ್ಲಿ ಗಣಕಯಂತ್ರದ ತತ್ತ್ವವೇ ಅಡಗಿದೆ.

ಗಣಕವೂ ಎರಡೇ ಸ್ಥಿತಿಗಳನ್ನು ಬಲ್ಲದು: ವಿದ್ಯುತ್ತಿನ ಮಟ್ಟ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಈ ತತ್ತ್ವವನ್ನು ಕೈಯಾರೆ ಪರೀಕ್ಷಿಸಲು ಒಂದೇ ಹಲಗೆಯ ಮೇಲೆ ಪುಟ್ಟ ಗಣಕವನ್ನು ಕಟ್ಟುವ ಹವ್ಯಾಸಿಗಳಿದ್ದಾರೆ. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥವರು ಸಂಘವೊಂದನ್ನು ಕಟ್ಟಿದರು. ಅವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ರಚಿಸಿದ ಹಲಗೆಯೇ 1976ರಲ್ಲಿ ‘ಆಪಲ್-1’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಅದೇ ವರ್ಷ ಹೊರಬಂದ ‘ಜೆಡ್-80’ ಸಂಸ್ಕಾರಕದಿಂದ ಹವ್ಯಾಸಿಗಳು ಇಂದಿಗೂ ಗಣಕಗಳನ್ನು ಕಟ್ಟುತ್ತಾರೆ.

ಸಂಸ್ಕಾರಕ, ಸ್ಮರಣಕೋಶ, ತಾಳ ಹಾಕುವ ಸ್ಫಟಿಕ ಇವು ಹಲಗೆಯ ಮುಖ್ಯ ಅಂಗಗಳು. ಸ್ಫಟಿಕದ ಮಿಡಿತಕ್ಕೆ ಹೆಜ್ಜೆಹಾಕುತ್ತ ಸಂಸ್ಕಾರಕವು ಸ್ಮರಣಕೋಶದಿಂದ ಆದೇಶವನ್ನು ತಂದು, ಅರ್ಥೈಸಿ, ನೆರವೇರಿಸುತ್ತದೆ. ವಿಳಾಸವನ್ನು ತಿಳಿಸುವ ತಂತಿಗಳು 16. ಪ್ರತಿಯೊಂದಕ್ಕೂ ಎರಡು ಸ್ಥಿತಿ. ಆದುದರಿಂದ ಅದು 65,536 ಸ್ಥಾನಗಳನ್ನು ಗುರುತಿಸಬಲ್ಲದು.

ಒಂದು ಬೆಸುಗೆ ಸಡಿಲವಾದರೂ ಗಣಕವು ಮೂಕವಾಗಬಹುದು. ಆಗ ಕಟ್ಟಿದವರು ತಂತಿ ತಂತಿಯನ್ನೂ ಪರೀಕ್ಷಿಸಿ ದೋಷವನ್ನು ಹುಡುಕಬೇಕು. ಕಲಿಕೆ ಮೊದಲಾಗುವುದೇ ಅಲ್ಲಿ. ಇಂದಿನ ಮೊಬೈಲ್ ದೂರವಾಣಿ ಇದಕ್ಕಿಂತ ಬಹುಪಾಲು ಶಕ್ತಿಶಾಲಿ. ಆದರೆ ಬಳಸುವವರಿಗೆ ಅದು ಮುಚ್ಚಿದ ಪೆಟ್ಟಿಗೆ. ಪುಟ್ಟ ಗಣಕದಲ್ಲಿ ಮರೆಯಾದುದು ಕಡಿಮೆ. ಕಡಿದ ಎಳೆಯನ್ನು ಕಂಡು ಕೂಡಿಸಬಲ್ಲ ನೇಕಾರನೇ ಮಗ್ಗದ ನಿಜವಾದ ಒಡೆಯ. ಗಣಕದ ಒಡೆತನವೂ ಹಾಗೆಯೇ ಅರಿವಿನಿಂದ ಬರತಕ್ಕದ್ದು.