ಬಾಲವಿಲ್ಲದ ಅತಿಥಿ

ಧೂಮಕೇತುವು ಸೂರ್ಯನ ಬಳಿ ಬಂದಾಗ ಬಾಲ ಬೆಳೆಯುವುದೆಂದು ನಾವು ಶಾಲೆಯಲ್ಲಿ ಕಲಿತೆವಷ್ಟೆ. ಆದರೆ 2017ನೆಯ ಇಸವಿ ಅಕ್ಟೋಬರ್ 19ರಂದು ಹವಾಯಿಯ ದೂರದರ್ಶಕಕ್ಕೆ ಗೋಚರವಾದ ‘ಔಮುಆಮುಆ’ ಎಂಬ ಕಾಯಕ್ಕೆ ಬಾಲವೇ ಕಾಣಲಿಲ್ಲ. ಸೌರಮಂಡಲದ ಹೊರಗಿನಿಂದ ಬಂದುದಾಗಿ ಗುರುತಿಸಲ್ಪಟ್ಟ ಮೊದಲನೆಯ ಅತಿಥಿಯಿದು. ಸೆಪ್ಟೆಂಬರ್ 9ರಂದೇ ಅದು ಸೂರ್ಯನಿಂದ ಸುಮಾರು 2 ಕೋಟಿ 40 ಲಕ್ಷ ಮೈಲು ದೂರದಲ್ಲಿ ಹಾದುಹೋಗಿತ್ತು.

ದೂರ ಸರಿಯುವಾಗ ಅದರ ವೇಗವು, ಸೂರ್ಯಾಕರ್ಷಣೆಯೊಂದರಿಂದಲೇ ಇರಬೇಕಾದುದಕ್ಕಿಂತ ತುಸು ಹೆಚ್ಚಾಗಿದ್ದಿತು. ನೂಕಿದುದಾವುದು? ಒಳಗಿನ ಹಿಮದಿಂದ ಹೊರಟ ಅಗೋಚರ ಅನಿಲವೆಂದು ಹಲವರೂ, ಅನ್ಯಲೋಕದವರ ಯಂತ್ರವಿರಬಹುದೆಂದು ಒಬ್ಬಿಬ್ಬರೂ ಊಹಿಸಿದರು. ನಿರ್ಣಯವಾಗುವ ಮೊದಲೇ ಅದು ಕಣ್ಮರೆಯಾಯಿತು.

ಪಂಡಿತರೇ ಹೀಗಿರಲು, ಮನೆಯಲ್ಲಿ ಮಗಳು ‘ಅದೇಕೆ?’ ಎಂದು ಕೇಳಿದಾಗ ಗದರಿಸಿ ಸುಮ್ಮನಾಗಿಸದೆ, ‘ತಿಳಿಯದಮ್ಮಾ, ಕೂಡಿ ಹುಡುಕೋಣ’ ಎನ್ನಲು ನಾವು ನಾಚಬಾರದು.