ತಾಡೋಲೆಯ ಕಟ್ಟು ಮತ್ತು ಜಾಲತಾಣದ ಕಡತ

ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಡಾ. ಫ. ಗು. ಹಳಕಟ್ಟಿಯವರು ತಾಡೋಲೆಯ ಕಟ್ಟುಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಸಂಗತಿ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆ ಕಟ್ಟುಗಳ ಒಂದು ಗುಣವನ್ನು ಮಾತ್ರ ಇಲ್ಲಿ ನೆನೆಯಬೇಕಾಗಿದೆ. ಕಟ್ಟು ಬಿಚ್ಚಿದರೆ ಬರಹವು ನೇರವಾಗಿ ಕಣ್ಣಿಗೆ ಕಾಣುತ್ತದೆ. ಓದುವುದಕ್ಕೆ ಅಕ್ಷರಜ್ಞಾನವಿದ್ದರೆ ಸಾಕು, ಬರೆದ ಲಿಪಿಕಾರನಾಗಲಿ ಅವನ ಕಂಟವಾಗಲಿ ಬೇಕಿಲ್ಲ.

ಮಠಗಳೂ ಶಾಲೆಗಳೂ ತಮ್ಮ ಬರಹಗಳನ್ನು ಜಾಲತಾಣಗಳಲ್ಲಿ ಇರಿಸುತ್ತಿರುವ ಈ ಕಾಲದಲ್ಲಿ ಆ ಗುಣವು ಎಷ್ಟರಮಟ್ಟಿಗೆ ಉಳಿದಿದೆ ಎಂಬುದು ವಿಚಾರಾರ್ಹವಾದುದು. ಹೆಚ್ಚಾಗಿ ಬಳಕೆಯಲ್ಲಿರುವ ವರ್ಡ್‌ಪ್ರೆಸ್‌ನಂತಹ ತಂತ್ರಾಂಶಗಳು ಲೇಖನಗಳನ್ನು ಡೇಟಾಬೇಸ್ ಎಂಬ ದತ್ತಾಂಶಕೋಶದಲ್ಲಿ ಕೋಷ್ಟಕದ ಸಾಲುಗಳಾಗಿ ಇಡುತ್ತವೆ. ಆ ಕೋಶವನ್ನು ನಡೆಸಲು ಮತ್ತೊಂದು ತಂತ್ರಾಂಶವು ಸದಾ ಚಾಲನೆಯಲ್ಲಿರಬೇಕು. ಅದರ ಪ್ರತಿ ತೆಗೆಯುವುದೂ ಪ್ರತ್ಯೇಕ ಕೆಲಸ. ಜಾಲತಾಣವನ್ನು ಕಟ್ಟಿಕೊಟ್ಟ ಶಿಕ್ಷಕರಿಗೆ ವರ್ಗವಾಯಿತೆಂದರೆ, ಬರಹಗಳು ಎಲ್ಲಿವೆಯೆಂದು ಬಲ್ಲವರೇ ಇಲ್ಲದಂತಾಗುವುದುಂಟು.

ಇದಕ್ಕೆ ಪರ್ಯಾಯವಾದ ಪದ್ಧತಿಯೊಂದಿದೆ. ಜರ್ಮನಿಯ ಆಂದ್ರೆಯಾಸ್ ಗೋರ್ ಅವರು 2004ರಲ್ಲಿ ಹೊರತಂದ ಡೋಕುವಿಕಿ, ಅನಂತರ ಬಂದ ಗೆಟ್‌ಸಿಂಪಲ್, ಪಿಕೊ, ಗ್ರ್ಯಾವ್ ಮೊದಲಾದವು ಈ ಬಗೆಯ ಮುಕ್ತ ತಂತ್ರಾಂಶಗಳು. ಇವುಗಳ ಮೂಲಸಂಕೇತವನ್ನು ಯಾರಾದರೂ ನೋಡಬಹುದು, ತಿದ್ದಿಕೊಳ್ಳಬಹುದು. ಇಲ್ಲಿ ದತ್ತಾಂಶಕೋಶವಿಲ್ಲ, ಪುಟವೊಂದಕ್ಕೆ ಕಡತವೊಂದು, ಕಡತಗಳ ಗುಂಪಿಗೆ ಫೋಲ್ಡರು. ಗ್ರ್ಯಾವ್‌ನ ಕಡತದ ತಲೆಯಲ್ಲಿ ಶೀರ್ಷಿಕೆ, ದಿನಾಂಕಗಳಿದ್ದು ಕೆಳಗೆ ಸಾದಾ ಬರಹವಿರುತ್ತದೆ. ಡೋಕುವಿಕಿಯು ಪ್ರತಿ ತಿದ್ದುಪಡಿಯ ಹಿಂದಿನ ರೂಪವನ್ನೂ ಬೇರೆ ಕಡತವಾಗಿ ಕಾದಿಡುತ್ತದೆ. ಪಾಠಾಂತರಗಳ ಬೆಲೆ ಬಲ್ಲ ಗ್ರಂಥಸಂಪಾದಕರು ಇದನ್ನು ಮೆಚ್ಚದಿರಲಾರರು.

ಗಾತ್ರದ ಲೆಕ್ಕವನ್ನೂ ನೋಡಬಹುದು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟುಗಳು ಬೇಕು. 300 ಸಂಕೇತಗಳ ವಚನವೊಂದಕ್ಕೆ 900 ಬೈಟುಗಳಾದರೆ, ಅಂತಹ 1000 ವಚನಗಳು ಒಂದು ಮೆಗಾಬೈಟಿನೊಳಗೇ ಅಡಗುತ್ತವೆ. ಮಮದಾಪುರದಂತಹ ಗ್ರಾಮದ ಶಾಲೆಯ ವರದಿ, ಪ್ರಕಟಣೆ, ಸ್ಮರಣಸಂಚಿಕೆಯ ಲೇಖನಗಳೆಲ್ಲ ಸೇರಿದರೂ ಭಾರವೇನಲ್ಲ. ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲಿಸಿದರೆ ಬರಹಗಳಷ್ಟೂ ಕೈಸೇರಿದಂತೆ. ಗರಿ ಶಿಥಿಲವಾಗುವ ಮೊದಲೇ ಪ್ರತಿ ಮಾಡುತ್ತಿದ್ದಂತೆ, ಇದಕ್ಕೂ ಕಾಲಕಾಲಕ್ಕೆ ಎರಡು ಸ್ಥಳಗಳಲ್ಲಿ ಪ್ರತಿಗಳಿರಬೇಕು.

ಎಲ್ಲ ಕೆಲಸಕ್ಕೂ ಇದು ತಕ್ಕುದಲ್ಲ. ಸಾವಿರಾರು ವಿದ್ಯಾರ್ಥಿಗಳ ಅಂಕಗಳನ್ನು ಹಲವರು ಏಕಕಾಲಕ್ಕೆ ನಮೂದಿಸುವಲ್ಲಿ ದತ್ತಾಂಶಕೋಶವೇ ಯೋಗ್ಯ. ಕೋಶವಿಲ್ಲವೆಂದ ಮಾತ್ರಕ್ಕೆ ಕನ್ನಗಳ್ಳರ ಭಯವೂ ತಪ್ಪದು. ತಂತ್ರಾಂಶದ ಹೊಸ ಆವೃತ್ತಿಗಳನ್ನು ಅಳವಡಿಸುತ್ತಲೇ ಇರಬೇಕು.

ಇನ್ನು ಕನ್ನಡಿಗರಿಗೆ ವಿಶೇಷವಾದ ತೊಡಕೊಂದುಂಟು. ಯುನಿಕೋಡ್‌ಪೂರ್ವದ ಫಾಂಟುಗಳಲ್ಲಿ ಬೆರಳಚ್ಚಾದ ಬರಹವು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಕಡತ ಕೈಯಲ್ಲಿದ್ದೂ ಓದಲು ಬಾರದು. ಆದುದರಿಂದ ಹಳೆಯ ಸಂಚಿಕೆಗಳನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಸಾಲುಸಾಲಾಗಿ ಹೋಲಿಸಬೇಕು. ಅರ್ಕಾವೊತ್ತಿನ ಮೇಲೆ ಕಣ್ಣಿರಲಿ. ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ಅನಂತರ ಬಂದರೆ, ಯುನಿಕೋಡಿನಲ್ಲಿ ರಕಾರವೇ ಮೊದಲು ಬರುತ್ತದೆ.